ದಿಬ್ಬದ ಹೊಲಕ್ಕೆ ಹತ್ತದ ನೀರು

ಎಳ್ಳ ಅಮಾವಾಸ್ಯೆಯ ಮರುದಿನ ಆಳಂದದ ನಮ್ಮ ದವಾಖಾನೆಗೆ ಯಾರಾದರೊಬ್ಬರು ಭಜ್ಜಿ ತಂದೇ ತರುತ್ತಾರೆ. ಹಸಿ ಕಡಲೆ, ಅವರೆಕಾಳು, ಬದನೆ, ಮೆಂತ್ಯ, ಹುಣಸೆಹುಳಿ, ಹೊಲದಲ್ಲಿ ಸಿಕ್ಕಿದ್ದೆಲ್ಲ ಹಾಕಿ ಹಿಟ್ಟು ಕಲಸಿ ಕುದಿಸಿದ ಪಲ್ಯ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಈ ಸಲ ಲ್ಯಾಬಿನ ಸವಿತಾ ತಂದಿದ್ದಳು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ವಾಸನೆ ಕೋಣೆ ತುಂಬಿತು. ಎಲ್ಲರೂ ಕೈ ತೊಳೆದುಕೊಂಡು ಬಂದು ಕೂತರು. ನಾನು ಆಗಷ್ಟೇ ಒರೆಸಿಟ್ಟ ಟ್ರೇಯನ್ನು ಮತ್ತೊಮ್ಮೆ ಒರೆಸತೊಡಗಿದೆ.

"ಸಿಸ್ಟರ್, ನಿಮಗ ಭಜ್ಜಿ ಸೇರಲ್ಲೇನ್ರಿ? ವರ್ಷಾ ವರ್ಷಾ ನೋಡಾಕತ್ತೇನಿ, ಮುಟ್ಟಂಗೇ ಇಲ್ಲ ನೀವು" ಎಂದಳು ಸವಿತಾ.

"ಹೊಟ್ಟಿ ಸರಿಯಿಲ್ಲವ್ವ" ಎಂದೆ. ಐದು ವರ್ಷದಿಂದ ನನ್ನ ಹೊಟ್ಟೆ ಎಳ್ಳ ಅಮಾವಾಸ್ಯೆಗೆ ಸರಿಯಾಗಿ ಕೆಡುತ್ತಿದೆ. ಇದನ್ನು ಯಾರೂ ಲೆಕ್ಕ ಇಡುವುದಿಲ್ಲ ಅಂದುಕೊಂಡಿದ್ದೆ, ಸವಿತಾ ಇಟ್ಟಿದ್ದಳು. ಆ ಭಾನುವಾರ ಮನೆಯಲ್ಲಿ ಏನೂ ಹೇಳದೆ ಅಫಜಲಪುರದ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಬಿ.ಪಿ. ಯಂತ್ರವಿತ್ತು.

ನನ್ನ ಮೊದಲ ಪೋಸ್ಟಿಂಗ್ ಅಫಜಲಪುರ ತಾಲೂಕಿನಲ್ಲಿ, ಮಣ್ಣೂರಿನ ಆಚೆ ಭೀಮೆಯ ದಂಡೆಯ ಒಂದು ಸಣ್ಣ ಊರಿನ ಉಪಕೇಂದ್ರದಲ್ಲಿ ಆಗಿತ್ತು. ನಾನು ಜೇವರ್ಗಿ ಕಡೆಯವಳು, ಇಜೇರಿಯವಳು. ಕಪ್ಪು ಮಣ್ಣು, ತೊಗರಿ, ಬಿಸಿಲು ಯಾವುದೂ ಹೊಸದಲ್ಲ. ಹೊಸದೆಂದರೆ ಮನೆ ಬಾಗಿಲಿಗೆ ಬಂದು ನಿಂತಂತಿದ್ದ ನದಿ ಮತ್ತು ನನ್ನ ಕೈಗೆ ಬಂದಿದ್ದ ಅಧಿಕಾರ. ಅಧಿಕಾರ ಅಂದರೆ ದೊಡ್ಡದೇನಲ್ಲ. ಒಂದು ಕೋಣೆ, ಒಂದು ವರಾಂಡ, ಕೆಟ್ಟುಹೋದ ತೂಕದ ಯಂತ್ರ, ಹೊಸ ಬಿ.ಪಿ. ಯಂತ್ರ, ಒಂದು ಮೊಬೈಲು. ಊರಿನಲ್ಲಿ ಮೂವತ್ತು ದಾಟಿದ ಎಲ್ಲರ ಬಿ.ಪಿ. ಅಳೆಯಬೇಕು, ಹೆಚ್ಚಿದ್ದವರಿಗೆ ಗುಳಿಗೆ ಕೊಡಿಸಬೇಕು, ತಿಂಗಳಿಗೊಮ್ಮೆ ಮತ್ತೆ ಅಳೆದು ಮೊಬೈಲಿಗೆ ಹಾಕಬೇಕು. ಇಳಿದವರ ಹೆಸರು ಹಸಿರು, ಇಳಿಯದವರದು ಕೆಂಪು. ಶಾಲೆಯಲ್ಲಿ ತೊಂಬತ್ತೊಂಬತ್ತು ಬಂದರೆ ಉಳಿದ ಒಂದು ಎಲ್ಲಿ ಹೋಯಿತೆಂದು ಅತ್ತವಳು ನಾನು. ಅಂಥವಳ ಕೈಗೆ ಕೆಂಪು ಹಸಿರಿನ ಪಟ್ಟಿ ಕೊಡಬಾರದಿತ್ತು.

ಮೊದಲ ವಾರವೇ ಸಿದ್ರಾಮಪ್ಪನವರ ಹೆಸರು ಕೆಂಪಾಯಿತು. ಅವರು ಊರಿನ ಲಿಫ್ಟಿನ ಆಪರೇಟರ್. ನದಿಯ ನೀರನ್ನು ಮೋಟರಿನಿಂದ ಎತ್ತಿ ಪೈಪಿನಲ್ಲಿ ಹೊಲಗಳಿಗೆ ಹಾಯಿಸುವ ಕೆಲಸ. ಐವತ್ತೈದರ ಆಸುಪಾಸು, ಗಟ್ಟಿ ಆಳು. ಮೋಟರಿನ ಸದ್ದಿನ ಪಕ್ಕ ವರ್ಷಗಟ್ಟಲೆ ಮಾತಾಡಿ ಮಾತಾಡಿ ದನಿಯೇ ದೊಡ್ಡದಾಗಿಬಿಟ್ಟಿತ್ತು. ಯಾರ ಹೊಲಕ್ಕೆ ಯಾವತ್ತು ಎಷ್ಟು ಹೊತ್ತು ನೀರು ಎಂಬುದನ್ನು ಎಲ್ಲೂ ಬರೆಯುತ್ತಿರಲಿಲ್ಲ. ಬೆಳಗ್ಗೆ ಪಂಪ್‌ಹೌಸಿನ ಕಟ್ಟೆಯ ಮೇಲೆ ನಿಂತು ಒಬ್ಬೊಬ್ಬರಿಗೆ ಫೋನ್ ಹಚ್ಚಿ ಹೇಳುತ್ತಿದ್ದರು. "ಹನ್ನೊಂದರ ತನಕ ನಿಂದು ಲೇ. ಆಮ್ಯಾಲ ಗುರುಬಸಂದು. ಜಗಳ ಮಾಡಬ್ಯಾಡ್ರಿ." ಆ ಮಾತಿಗೆ ಊರಿನಲ್ಲಿ ಅಪೀಲು ಇರಲಿಲ್ಲ. ಫೋನ್ ಇಲ್ಲದಿದ್ದರೂ ಅವರ ದನಿ ಅರ್ಧ ಹೊಲಗಳಿಗೆ ಹಾಗೆಯೇ ಕೇಳುತ್ತಿತ್ತು.

ಅವರ ಬಿ.ಪಿ. ಇನ್ನೂರರ ಹತ್ತಿರ ಇತ್ತು. ಯಂತ್ರವೇ ಕೆಟ್ಟಿದೆಯೆಂದು ಮೂರು ಸಲ ಅಳೆದೆ.

"ನನಗೇನೂ ಆಗಿಲ್ರಿ ಸಿಸ್ಟರ್. ತಲಿನೋವಿಲ್ಲ, ಚಕ್ಕರ್ ಇಲ್ಲ. ಎರಡು ಚೀಲ ಗೊಬ್ಬರ ಹೊತ್ತು ದಂಡಿ ಹತ್ತತೇನಿ" ಎಂದರು.

"ನೋವು ಬರೂತನಕ ಕುಂತ್ರ ಕೆಲಸ ಕೆಡ್ತದ ಕಾಕಾ. ದಿನಾ ಒಂದು ಗುಳಗಿ. ತಪ್ಪಸಬ್ಯಾಡ್ರಿ" ಎಂದೆ. ಕಾಕಾ ಎಂದು ಕರೆದದ್ದಕ್ಕೆ ಖುಷಿಪಟ್ಟು ಗುಳಿಗೆಯ ಪಟ್ಟಿಗಳನ್ನು ಕಿಸೆಗೆ ಹಾಕಿಕೊಂಡರು. ಪ್ರತಿ ಸಲ ಬಿ.ಪಿ. ಅಳೆಯುವಾಗ ಎಲ್ಲರೂ ಯಂತ್ರ ನೋಡಿದರೆ ಅವರು ನನ್ನ ಮುಖ ನೋಡುತ್ತಿದ್ದರು. ನಾನು ಹುಬ್ಬು ಗಂಟಿಕ್ಕಿದರೆ, "ಜಾಸ್ತಿ ಅದೇನ್ರಿ?" ಎಂದು ತಪ್ಪು ಮಾಡಿದವರ ಹಾಗೆ ಕೇಳುತ್ತಿದ್ದರು.

ಮಳೆಗಾಲ ಬಂತು. ಮೇಲೆ ಮಹಾರಾಷ್ಟ್ರದಲ್ಲಿ ನೀರು ಬಿಟ್ಟರು, ಸೊನ್ನದ ಬ್ಯಾರೇಜಿನ ಗೇಟುಗಳನ್ನೆಲ್ಲ ಎತ್ತಿದ್ದಾರೆಂದು ಸುದ್ದಿ ಬಂತು. ಭೀಮೆ ಕೆಂಪಗೆ ಉಬ್ಬಿ ಪಂಪ್‌ಹೌಸಿನ ಮೆಟ್ಟಿಲು ಮುಟ್ಟಿತು. ಸಿದ್ರಾಮಪ್ಪನವರು ನಾಲ್ಕು ದಿನ ಸೊಂಟದ ತನಕ ನೀರಿನಲ್ಲಿ ನಿಂತು ಮೋಟರುಗಳನ್ನು ಬಿಚ್ಚಿ ಮೇಲಕ್ಕೆ ಸಾಗಿಸಿದರು. ನಾನು ವರಾಂಡದಲ್ಲಿ ಕ್ಲೋರಿನ್ ಗುಳಿಗೆ ಹಂಚುತ್ತ ಇದ್ದೆ. ನೀರಿಳಿದ ಮೇಲೆ ಬಿ.ಪಿ. ನೋಡಿದರೆ ಮೊದಲಿನಷ್ಟೇ. ಗುಳಿಗೆ ತಗೊಂಡಿರಾ ಎಂದರೆ "ಹೂಂನ್ರಿ" ಎಂದರು. ಮುಂದಿನ ತಿಂಗಳೂ "ಹೂಂನ್ರಿ". ನಾನು ಡಾಕ್ಟರಿಗೆ ಹೇಳಿ ಗುಳಿಗೆಯ ಪವರ್ ಹೆಚ್ಚಿಸಿದೆ. ಗುಳಿಗೆಯ ಪಟ್ಟಿ ಖಾಲಿ ಆಗಿದೆಯೋ ಇಲ್ಲವೋ ತೋರಿಸಿ ಎಂದು ಒಂದು ದಿನವಾದರೂ ಕೇಳಲಿಲ್ಲ. ದೊಡ್ಡವರನ್ನು ಅನುಮಾನಿಸುವುದು ಹೇಗೆ ಎಂಬ ಸಂಕೋಚ ನನಗೆ. ತಲೆ ಭಾರವಾದ ದಿನ ಮಾತ್ರ ಒಂದು ನುಂಗಿ, ಉಳಿದದ್ದನ್ನು ಅವರು ಪಂಪ್‌ಹೌಸಿನ ಸ್ವಿಚ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ದಿನಾ ನುಂಗಿದರೆ ಮೈಗೆ ಅದರ ಚಟ ಬಿದ್ದುಬಿಡುತ್ತದೆ ಎಂಬ ಭಯ ಅವರಿಗೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು.

ದೀಪಾವಳಿಯ ಹೊತ್ತಿಗೆ ಮೋಟರು ಮತ್ತೆ ಶುರುವಾಯಿತು. ಒಂದು ಮಧ್ಯಾಹ್ನ ಪಂಪ್‌ಹೌಸಿಗೆ ಹೋದಾಗ ಅವರು ನೀರಿನ ಫೋರ್ಸ್ ಇಳಿಸಲು ವಾಲ್ವ್ ತಿರುಗಿಸುತ್ತಿದ್ದರು. ಎರಡು ಸುತ್ತು ತಿರುಗಿಸಿ ನಿಲ್ಲುವುದು, ಪೈಪಿನ ಮೇಲೆ ಅಂಗೈ ಇಟ್ಟು ಕಾಯುವುದು, ಮತ್ತೆ ಎರಡು ಸುತ್ತು. ನನಗೆ ಗಡಿಬಿಡಿ.

"ಒಮ್ಮೆ ತಿರುವಿ ಬಿಡ್ರಲ್ಲ ಕಾಕಾ, ನನಗ ಇನ್ನೂ ಹತ್ತು ಮನಿ ಅವ."

ಅವರು ನಕ್ಕು ದೂರದ ದಿಬ್ಬ ತೋರಿಸಿದರು. ದಿಬ್ಬದ ಮೇಲಿನ ಎರಡು ಎಕರೆ ಅವರದೇ. ಊರಿನ ನೀರಿಗೆ ಕೊನೆಯ ಹೊಲ.

"ಪೈಪ್ ಹಳೇದು ಆಗ್ಯಾದ್ರಿ. ಒಳಗ ಕಿಟ್ಟ ಹಿಡದು ದಾರಿ ಸಣ್ಣ ಆಗ್ಯಾದ. ಫೋರ್ಸ್ ಇದ್ರ ಮಾತ್ರ ನೀರು ದಿಬ್ಬ ಹತ್ತತದ. ಧಡ್ ಅಂತ ಫೋರ್ಸ್ ಕಡಿಮಿ ಮಾಡಿದ್ರ ಕೆಳಗಿನ ಹೊಲಕ್ಕೇನೂ ಆಗಲ್ಲ, ದಿಬ್ಬದ ಬೆಳಿ ಒಣಗ್ತದ. ಕಡಿಮಿ ಮಾಡಬೇಕು ಖರೇ, ಇಲ್ಲಾಂದ್ರ ಪೈಪೇ ಒಡೀತದ. ಆದ್ರ ಜರಾ ಜರಾ. ಅದಕ್ಕ ರೂಢಿ ಆಗೂವಂಗ."

ನಾನು ಕೈಗಡಿಯಾರ ನೋಡಿಕೊಂಡೆ. ನೀರಾವರಿಯ ಪಾಠ ನನಗೇಕೆ ಅನಿಸಿತು.

ಡಿಸೆಂಬರಿನಲ್ಲಿ ನನ್ನ ಪಟ್ಟಿಯಲ್ಲಿ ಒಂದೇ ಕೆಂಪು ಉಳಿದಿತ್ತು. ಎಳ್ಳ ಅಮಾವಾಸ್ಯೆ ಕಳೆದ ಮರುದಿನ ತಾಲೂಕಿನ ಮೀಟಿಂಗು. ಅಮಾವಾಸ್ಯೆಗೆ ಒಂದು ವಾರ ಇರುವಾಗ ಹಿಟ್ಟಿನ ಗಿರಣಿಯ ಮುಂದೆ ಸಿದ್ರಾಮಪ್ಪನವರು ಸಿಕ್ಕರು. ಹಬ್ಬದ ಸಜ್ಜೆ ಬೀಸಿಸಲು ಅರ್ಧ ಊರು ಅಲ್ಲಿ ನಿಂತಿತ್ತು. ಅಲ್ಲೇ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ ನೋಡಿದೆ. ನೂರಾ ತೊಂಬತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ ಕಾಕಾ ಇದು? ಊರಾಗ ಎಲ್ಲಾರದೂ ಇಳದದ, ನಿಮ್ಮದೊಂದ ಹಿಂಗ. ನಿಮ್ಮಿಂದ ನಾನು ಮೀಟಿಂಗನಾಗ ತಲಿ ತಗ್ಗಸಬೇಕು. ಅಮಾಸಿ ದಿನ ಹೊಲಕ್ಕ ಬರ್ತೇನಿ. ಅವತ್ತ ಇಳೀಲಿಲ್ಲಾಂದ್ರ ನಿಮ್ಮ ಮನಿ ಚಹಾನೂ ಕುಡಿಯಂಗಿಲ್ಲ ನಾನು."

ಎಲ್ಲರೂ ನಕ್ಕರು. ಅವರೂ ನಗಲು ನೋಡಿದರು, ಆಗಲಿಲ್ಲ. ಅಷ್ಟು ದೊಡ್ಡ ದನಿಯ ಮನುಷ್ಯ ಏನೋ ಸಣ್ಣಗೆ ಅಂದು ಹಿಟ್ಟಿನ ಚೀಲ ಹೊತ್ತು ಹೋದರು. ನನಗೆ ಪಾಪ ಅನಿಸಲಿಲ್ಲ, ಬಿಸಿ ಮುಟ್ಟಿತು ಅನಿಸಿತು.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ. ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲದಲ್ಲಿ. ಬಿಳಿಜೋಳ ತಲೆಮಟ್ಟ ನಿಂತಿತ್ತು, ಚಳಿಬಿಸಿಲು ಹಿತವಾಗಿತ್ತು. ದಿಬ್ಬದ ಹೊಲದ ಬೇವಿನ ಮರದ ಕೆಳಗೆ ಸಿದ್ರಾಮಪ್ಪನವರ ಹೆಂಡತಿ ಕಸ್ತೂರಬಾಯಿ ಐದು ಕಲ್ಲು ತೊಳೆದು ಸುಣ್ಣ ಹಚ್ಚಿ ಪೂಜೆಗೆ ಇಟ್ಟಿದ್ದರು. ಸಿದ್ರಾಮಪ್ಪನವರು ಮರಕ್ಕೆ ಒರಗಿ ಕೂತಿದ್ದರು. ನನ್ನನ್ನು ಕಂಡದ್ದೇ ತೋಳು ಚಾಚಿದರು.

"ಮೊದಲ ಇದ ನೋಡ್ರಿ ಸಿಸ್ಟರ್. ಆಮ್ಯಾಲ ಚಹಾ."

ನೂರಾ ಎಂಟು. ನಾನು ಕುಣಿಯುವುದೊಂದು ಬಾಕಿ. ಎರಡನೆಯ ಸಲ ಅಳೆದೆ, ನೂರಾ ನಾಲ್ಕು. ಅವರು ನನ್ನ ಮುಖ ನೋಡುತ್ತಿದ್ದರು. ನಾನು ನಕ್ಕದ್ದನ್ನು ನೋಡಿ ಅವರ ಮುಖವೂ ಅರಳಿತು. ಅಲ್ಲೇ ಮೊಬೈಲು ತೆಗೆದು ಕೆಂಪನ್ನು ಹಸಿರು ಮಾಡಿದೆ.

"ಜರಾ ಕಣ್ಣಿಗಿ ಕತ್ತಲಿ ಬರಾಕತ್ತದ್ರಿ" ಎಂದರು.

"ಇಷ್ಟ ದಿನ ಏರಿದ್ದು ಇಳದದಲ್ಲ ಕಾಕಾ, ಹಂಗ ಅನಸ್ತದ. ಊಟ ಮಾಡ್ರಿ, ಸರಿ ಆಗ್ತದ."

ಇದು ನಾನೇ ಆಡಿದ ಮಾತು. ಒಂದು ಅಕ್ಷರ ಮರೆತಿಲ್ಲ. ತಿಂಗಳುಗಟ್ಟಲೆ ಇನ್ನೂರರ ಹತ್ತಿರ ಇದ್ದದ್ದು ಒಂದು ವಾರದಲ್ಲಿ ನೂರಾ ನಾಲ್ಕಕ್ಕೆ ಹೇಗೆ ಬಂತೆಂದು ಕೇಳುವ ಬುದ್ಧಿ ಯಾರಿಗಾದರೂ ಇರಬೇಕಾಗಿದ್ದರೆ ಅದು ನನಗೆ. ನಾನು ಕೇಳಲಿಲ್ಲ. ಖುಷಿಯಲ್ಲಿದ್ದೆ.

ಊಟಕ್ಕೆ ಮೊದಲು ಚರಗ ಚೆಲ್ಲಬೇಕು. ಕಡಬು, ಭಜ್ಜಿ, ಅನ್ನ ಎಲ್ಲ ಕಲಸಿದ ಪಾತ್ರೆ ಹಿಡಿದು ಮನೆಯ ಹಿರಿಯ ಹೊಲದ ಸುತ್ತ ಬೆಳೆಯ ಮೇಲೆ ಎರಚುತ್ತ ಕೂಗುತ್ತಾನೆ, ಹಿಂದೆ ತಂಬಿಗೆ ನೀರು ಚಿಮುಕಿಸುತ್ತ ಬರುವವನು ಆ ಕೂಗಿಗೆ ಉತ್ತರ ಕೊಡುತ್ತಾನೆ. ಸಿದ್ರಾಮಪ್ಪನವರ ಕೂಗು ಹೊಳೆಯಾಚೆಗೂ ಕೇಳುತ್ತದೆ ಎಂದು ಊರವರು ಹೇಳುತ್ತಿದ್ದರು. ತಂಬಿಗೆ ಹಿಡಿದು ಅವರ ತಮ್ಮ ಹಿಂದೆ ಹೋದ. ಜೋಳದ ತೆನೆಗಳ ಮೇಲೆ ಅವರ ತಲೆಯ ಬಿಳಿ ಪಟಗ ಮಾತ್ರ ಕಾಣುತ್ತಿತ್ತು. ಮೊದಲ ಕೂಗು ಬಂತು, ತಮ್ಮನ ಉತ್ತರ ಬಂತು. ಎರಡನೆಯದೂ ಬಂತು. ಮೂರನೆಯ ಕೂಗು ಅರ್ಧಕ್ಕೆ ನಿಂತಿತು.

ತಮ್ಮ ಉತ್ತರ ಕೊಡಲು ಕಾದು ನಿಂತ. "ಮರತೇನೋ ಅಣ್ಣಾ?" ಎಂದು ನಕ್ಕ. ಮರದ ಕೆಳಗೆ ನಾವೂ ನಕ್ಕೆವು. ಆಮೇಲೆ ಪಾತ್ರೆ ಬಿದ್ದ ಸದ್ದು ಕೇಳಿತು.

ನಾನು ಓಡಿಹೋದಾಗ ಸಿದ್ರಾಮಪ್ಪನವರು ಸಾಲಿನ ನಡುವೆ ಕೂತಿದ್ದರು. ಬಲಗೈ ಪಕ್ಕದಲ್ಲಿ ಬಿದ್ದಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ಬರೀ ಉಸಿರು ಬಂತು. ಬಿ.ಪಿ. ಎಂಬತ್ತಕ್ಕೆ ಇಳಿದಿತ್ತು. ಅಲ್ಲಿಂದಾಚೆ ನಡೆದದ್ದೆಲ್ಲ ನನಗೆ ಬೇರೆ ಯಾರದೋ ಕೈಯಿಂದ ಮಾಡಿಸಿದಂತೆ ನೆನಪಿದೆ. ಅಂಬುಲೆನ್ಸಿಗೆ ಫೋನ್ ಮಾಡಿದೆ, ಕಾಲು ಎತ್ತರಿಸಿ ಮಲಗಿಸಿದೆ, ಅಫಜಲಪುರದಲ್ಲಿ ಸಲೈನ್ ಹಚ್ಚಿಸಿದೆ, ಕಲಬುರಗಿಗೆ ಜೊತೆಗೆ ಹೋದೆ. ಎಲ್ಲ ಸರಿಯಾಗಿ ಮಾಡಿದೆ. ಅಳು ಬರಲಿಲ್ಲ. ಕಸ್ತೂರಬಾಯಿ ನನ್ನ ಮೊಣಕೈ ಹಿಡಿದುಕೊಂಡಿದ್ದರು, ಹಿಡಿದದ್ದೂ ಗೊತ್ತಾಗುತ್ತಿರಲಿಲ್ಲ.

ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ಡಾಕ್ಟರು, "ಇವರು ಏನೇನು ತಗೊಂಡಿದ್ರು?" ಎಂದು ಕೇಳಿದರು. ಕಸ್ತೂರಬಾಯಿ ಸೆರಗಿನ ಗಂಟು ಬಿಚ್ಚಿದರು. ಗಂಡನ ಅಂಗಿಯ ಕಿಸೆಯಲ್ಲಿ ಸಿಕ್ಕ ಗುಳಿಗೆಯ ಪಟ್ಟಿ ಅದು. ಹತ್ತೂ ಖಾಲಿ.

"ನಿನ್ನಿ ಸಂಜಿಮುಂದ ಅರ್ಧ ನುಂಗ್ಯಾರ್ರಿ. ಇವತ್ತ ಮುಂಜಾನಿ ಉಳದದ್ದು."

ಡಾಕ್ಟರು ಕಸ್ತೂರಬಾಯಿಗೆ ತಿಳಿಯುವಂತೆ ಹೇಳಿದರು. ವರ್ಷಗಟ್ಟಲೆ ಬಿ.ಪಿ. ಏರಿಯೇ ಇದ್ದರೆ ಮೆದುಳಿನ ರಕ್ತನಾಳಗಳ ಗೋಡೆ ದಪ್ಪವಾಗುತ್ತದೆ, ಒಳಗಿನ ದಾರಿ ಕಿರಿದಾಗುತ್ತದೆ. ಒತ್ತಡ ಇಳಿದಾಗ ನಮ್ಮ ನಿಮ್ಮ ನಾಳಗಳು ಹಿಗ್ಗಿ ರಕ್ತವನ್ನು ಕಾಯ್ದುಕೊಳ್ಳುತ್ತವೆ. ಇಂಥವರ ನಾಳಗಳು ಹಾಗೆ ಹಿಗ್ಗುವುದಿಲ್ಲ, ಹೆಚ್ಚಿನ ಒತ್ತಡಕ್ಕೇ ಒಗ್ಗಿಹೋಗಿರುತ್ತವೆ. ಹಾಗೇ ಬಿಟ್ಟರೆ ಒಂದು ದಿನ ಒಡೆಯುತ್ತವೆ ಇಲ್ಲವೇ ಕಟ್ಟಿಕೊಳ್ಳುತ್ತವೆ, ಅದಕ್ಕೇ ಇಳಿಸಲೇಬೇಕು. ದಿನಕ್ಕೊಂದು ಗುಳಿಗೆಯಿಂದ ನಿಧಾನಕ್ಕೆ ಇಳಿಸಿದರೆ ನಾಳಗಳೂ ಹೊಂದಿಕೊಳ್ಳುತ್ತವೆ. ಒಂದೇ ದಿನದಲ್ಲಿ ಇಳಿಸಿದರೆ ಕೊನೆಯ ಕವಲುಗಳಿಗೆ ರಕ್ತ ಮುಟ್ಟುವುದಿಲ್ಲ. "ಮಾತು, ಬಲಗೈ, ಇವನ್ನು ನಡೆಸೋ ಜಾಗಕ್ಕೇ ರಕ್ತ ಹೋಗಿಲ್ಲಮ್ಮ" ಎಂದರು.

ದಿಬ್ಬದ ಹೊಲ, ಅಂದುಕೊಂಡೆ. ಇದನ್ನು ಸಿದ್ರಾಮಪ್ಪನವರು ನನಗೆ ಮೊದಲೇ ಹೇಳಿದ್ದರು. ವಾಲ್ವಿನ ಮೇಲೆ ಕೈಯಿಟ್ಟುಕೊಂಡು, ಇದಕ್ಕಿಂತ ಸಲೀಸಾಗಿ ಹೇಳಿದ್ದರು. ಅವರ ತಲೆಯೊಳಗೂ ಅಂಥವೇ ಪೈಪುಗಳಿವೆ ಎಂದು ಅವರಿಗೆ ಹೇಳಬೇಕಾದವಳು ನಾನು.

"ಒಮ್ಮೆಲೇ ಇಷ್ಟು ನುಂಗಲಿಕ್ಕೆ ಯಾರು ಹೇಳಿದ್ರು?" ಡಾಕ್ಟರು ಕೇಳಿದರು.

ಗಿರಣಿಯ ಮುಂದೆ ನಾನು ಆಡಿದ ಮಾತು ಕಸ್ತೂರಬಾಯಿಗೆ ಗೊತ್ತಿತ್ತು. ಅವತ್ತು ಸಜ್ಜೆಯ ಹಿಟ್ಟಿಗೆ ಕಾದು ಅವರೂ ಅಲ್ಲೇ ನಿಂತಿದ್ದರು. ಒಮ್ಮೆ ನನ್ನ ಕಡೆ ನೋಡಿದರು.

"ಯಾರೂ ಹೇಳಿಲ್ರಿ. ತಾವಾಗೇ ನುಂಗ್ಯಾರ."

ಯಾರೂ ಹೇಳಿರಲಿಲ್ಲ, ಅದು ನಿಜವೇ. ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಮರುದಿನದ ಮೀಟಿಂಗಿಗೆ ಹೋದೆ. ಪರದೆಯ ಮೇಲೆ ನನ್ನ ಊರು ಪೂರ್ತಿ ಹಸಿರಾಗಿತ್ತು, ಎಲ್ಲರೂ ಚಪ್ಪಾಳೆ ಹೊಡೆದರು. ಎದ್ದು ನಿಂತು ಕೈ ಮುಗಿದು ಕೂತೆ. ಆ ಹೊತ್ತಿಗೆ ನಾಚಿಕೆಯಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಮುಂದಿನ ಬೇಸಿಗೆಯೊಳಗೆ ಓಡಾಡಿ ಆಳಂದಕ್ಕೆ ವರ್ಗ ಮಾಡಿಸಿಕೊಂಡೆ. ಆಸ್ಪತ್ರೆಯಿಂದ ಮನೆಗೆ ಬಂದ ಸಿದ್ರಾಮಪ್ಪನವರನ್ನು ನೋಡಲು ಒಂದು ಸಲವೂ ಹೋಗಲಿಲ್ಲ. ಅವರ ಮನೆಯ ಓಣಿ ಬಿಟ್ಟು ಸುತ್ತು ಹಾಕಿ ಓಡಾಡುತ್ತಿದ್ದೆ.

ಐದು ವರ್ಷದ ಮೇಲೆ, ಆ ಭಾನುವಾರ ಬಸ್ಸಿಳಿದು ಅದೇ ಓಣಿಯಲ್ಲಿ ನಡೆದೆ. ಸಿದ್ರಾಮಪ್ಪನವರು ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಕುರ್ಚಿಯ ಮೇಲೆ ಕೂತಿದ್ದರು. ಸಣ್ಣಗಾಗಿದ್ದರು. ಬಲಗೈ ತೊಡೆಯ ಮೇಲೆ ಮಡಚಿಕೊಂಡಿತ್ತು. ನನ್ನನ್ನು ಕಂಡದ್ದೇ ಕಣ್ಣು ದೊಡ್ಡದು ಮಾಡಿದರು, ತುಟಿ ಅಲುಗಿತು. ಕಸ್ತೂರಬಾಯಿ ಒಳಗಿನಿಂದ ಬಂದು, ನಿನ್ನೆ ಮೊನ್ನೆ ನೋಡಿದವರ ಹಾಗೆ, "ಬರ್ರಿ ಸಿಸ್ಟರ್, ಕುಂದರ್ರಿ" ಎಂದರು.

ಕೂತ ಮೇಲೆ ಹೇಳಲು ಆಗಲಿಕ್ಕಿಲ್ಲವೆಂದು ನಿಂತೇ ಹೇಳಿದೆ. "ಕಾಕಿ, ಗಿರಣಿ ಮುಂದ ನಾ ಹಂಗ ಅಂದಿದ್ದಕ್ಕ ಕಾಕಾ ಅಷ್ಟೂ ನುಂಗ್ಯಾರ. ಕತ್ತಲಿ ಬರಾಕತ್ತದ ಅಂದ್ರೂ ನಾ ಕೇಳಲಿಲ್ಲ. ಡಾಕ್ಟರ್ ಮುಂದ ಹೇಳಬೇಕಿತ್ತು. ಹೇಳಲಿಲ್ಲ."

"ಗೊತ್ತದ" ಎಂದರು ಕಸ್ತೂರಬಾಯಿ. "ನೀನು ಸಣ್ಣಾಕಿ ಇದ್ದಿ. ನೌಕರಿ ಹೋದೀತು ಅಂತ ನಾನೇ ಬಾಯಿ ಮುಚ್ಚಿದೆ. ಅದಕ್ಕ ಸಿಟ್ಟಿಲ್ಲ ನನಗ. ಆಮ್ಯಾಲ ನೀ ಬರಲಿಲ್ಲಲ್ಲ, ಅದಕ್ಕ ಅದ ಸಿಟ್ಟು. ಹೊಸ ಸಿಸ್ಟರ್ ಬರೂತನಕ ಆರು ತಿಂಗಳ ಇವರ ಬಿ.ಪಿ. ನೋಡೂವರೇ ಇರಲಿಲ್ಲವ್ವ."

ಬ್ಯಾಗಿನಿಂದ ಯಂತ್ರ ತೆಗೆದೆ. ಸಿದ್ರಾಮಪ್ಪನವರು ಎಡಗೈ ಚಾಚಿದ್ದರು. ಪಟ್ಟಿ ಕಟ್ಟಿ ಗುಂಡಿ ಒತ್ತಿದೆ. ಯಂತ್ರ ಗುಂಯ್ ಎನ್ನುತ್ತಿದ್ದಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಗಬಾರದು, ಹುಬ್ಬು ಗಂಟಿಕ್ಕಬಾರದು ಎಂದು ಹಲ್ಲು ಕಚ್ಚಿ ಕೂತೆ.

"ನೂರಾ ಮೂವತ್ತಾರು ಕಾಕಾ" ಎಂದೆ. ಅಷ್ಟೇ ಹೇಳಿದೆ.

ಅವರು ಕುರ್ಚಿಯ ಪಕ್ಕದ ಗೂಡಿನಿಂದ ಎಡಗೈಯಲ್ಲಿ ಗುಳಿಗೆಯ ಡಬ್ಬಿ ತೆಗೆದು, ಹೆಬ್ಬೆರಳಿನಿಂದ ಮುಚ್ಚಳ ಸರಿಸಿ, ಒಂದು ಗುಳಿಗೆ ಎತ್ತಿ ನನಗೆ ತೋರಿಸಿದರು. ಬಾಯಿ ಎರಡು ಮೂರು ಸಲ ತಡಕಾಡಿತು.

"ಒಂದ" ಎಂದರು.

ಒಂದು ಕಾಲಕ್ಕೆ ಊರಿನ ಅರ್ಧ ಹೊಲಗಳಿಗೆ ಕೇಳುತ್ತಿದ್ದ ದನಿ, ಮೂರು ಅಡಿ ದೂರದಲ್ಲಿದ್ದ ನನಗೆ ಕಷ್ಟಪಟ್ಟು ಕೇಳಿತು.

"ಅದೊಂದ ಮಾತು ಛಲೋತ್ನಾಗ ಬರ್ತದ" ಎಂದರು ಕಸ್ತೂರಬಾಯಿ, ನೀರಿನ ತಂಬಿಗೆ ಅವರ ಕೈಗಿಡುತ್ತ. "ಐದು ವರ್ಷ ಆತು. ದಿನಾ ನುಂಗೂ ಮುಂದ ಬಾಗಿಲ ಕಡಿ ತೋರಿಸಿ ಒಂದ ಅಂತಾರ. ಬಾಗಿಲದಾಗ ಯಾರೂ ಇರಲ್ಲ. ಯಾರಿಗಿ ತೋರಸ್ತೀರಿ ಅಂತ ನಾ ಕೇಳಿಲ್ಲ."